ಬೇವಿನಗಡ್ಡಿಯ ಈಜು

"ಕಂಬಿ ಬಿಡಿ ಮೇಡಂ. ಒಂಬತ್ತು ದಿನ ಆಯ್ತು, ಇನ್ನೂ ಕಂಬೀನೇ ಹಿಡ್ಕೊಂಡಿದ್ದೀರ!"

ಕೋಚ್ ಯುವರಾಜ್ ಗದರಿದಾಗ ಲತಾಮಣಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಬ್ಯಾಂಕ್ ಉದ್ಯೋಗಿ, ವಯಸ್ಸು ನಲವತ್ತೆಂಟು. ಮಂಡಿನೋವಿಗೆ ಈಜು ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೆ ಜಯನಗರದ ಈ ಕ್ಲಬ್ಬಿನ ಹೆಂಗಸರ ಬ್ಯಾಚಿಗೆ ಸೇರಿದ್ದರು. ಉಳಿದವರು ಮುಸಿಮುಸಿ ನಕ್ಕರು.

ಈಜುಕೊಳದ ದಂಡೆಯ ಟೈಲ್ಸ್ ಒರೆಸುತ್ತಿದ್ದ ತಂಗೆವ್ವನಿಗೆ ಆ ನಗು ಹಿಡಿಸಲಿಲ್ಲ. "ಬೈಬ್ಯಾಡ್ರಿ ಸರ. ಅವರ ಬೆನ್ನಿಗೆ ಒಣಗಿದ ಸೋರೆ ಬುರುಡಿ ಕಟ್ರಿ, ತಾವ ತೇಲ್ತಾರ. ನಮ್ಮೂರಾಗ ಎಲ್ಲಾರೂ ಹಂಗ ಕಲ್ತೀವ್ರಿ."

"ನಿಮ್ಮ ರಾಯಚೂರು ಕಡೆ ಕುಡಿಯೋಕೇ ನೀರಿಲ್ಲ ಅಂತಾರೆ. ಈಜೋದು ಎಲ್ಲಮ್ಮ?"

"ನಮ್ಮೂರ ಸುತ್ತಾ ಕೃಷ್ಣಾ ಹೊಳಿ ಐತ್ರಿ, ನಾಕೂ ಕಡಿ."

"ರಾಯಚೂರಲ್ಲಿ ದ್ವೀಪ! ಯಾವ ಬುಕ್ಕಲ್ಲೂ ಓದಿಲ್ಲ ನಾನು. ಕಥೆ ಹೊಡೀಬೇಡ, ಒರೆಸು."

"ಬುಕ್ಕಿನ್ಯಾಗ ಇಲ್ಲಂದ್ರ ಊರ ಇಲ್ಲೇನ್ರಿ?"

ಯುವರಾಜ್ ಆಗಲೇ ಬೆನ್ನು ತಿರುಗಿಸಿದ್ದ.

ತಂಗೆವ್ವ ಬೆಂಗಳೂರಿನ ಬಿಟಿಎಮ್ ಲೇಔಟಿಗೆ ಬಂದು ಆರು ವರ್ಷವಾಗಿತ್ತು. ಅವಳ ಊರಿನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹೊಳೆ ನಡುವಿನ ನೆಲಕ್ಕೆ ಆ ಕಡೆ ಗಡ್ಡಿ ಎನ್ನುತ್ತಾರೆ. ಬೇವಿನಗಡ್ಡಿಯಲ್ಲಿ ಅರವತ್ತು ಮನೆ, ಮನೆಗೊಂದು ಸೋರೆಬಳ್ಳಿ. ನಿಜಾಮನ ಕಾಲದಲ್ಲಿ ಕಂದಾಯದವರು ಕುದುರೆ ತಂದು, ಹೊಳೆ ದಾಟಲಾಗದೆ ದಂಡೆಯಲ್ಲೇ ಮೂರು ದಿನ ಕಾದು ಹಿಂದಿರುಗಿದ್ದರಂತೆ. ಮದುವೆಯಾಗಿ ಬಂದ ಸೊಸೆ ಮೊದಲ ಮಳೆಗಾಲಕ್ಕೆ ಮುಂಚೆ ಈಜು ಕಲಿಯಬೇಕು. ಕಲಿಸುವುದು ಅತ್ತೆಯ ಕೆಲಸ. ತಂಗೆವ್ವನ ಅವ್ವ ರೇಣವ್ವ ಇಬ್ಬರು ಸೊಸೆಯರಿಗೆ ಕಲಿಸಿದ್ದಳು.

ತಂಗೆವ್ವ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು.

"ಏಯ್, ಸ್ಟಾಫ್ ನೀರಿಗೆ ಇಳಿಯೋ ಹಾಗಿಲ್ಲ!" ಯುವರಾಜ್ ಕೂಗಿದ.

ಅವಳು ಬಗ್ಗಿ ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಸದ್ದಿಲ್ಲದೆ ಜಾರಿದಳು. ಒಂದು ಮಗ್ಗುಲಾಗಿ, ಬಲಗೈಯಲ್ಲಿ ನೀರು ಸೀಳುತ್ತ, ಎಡಗೈ ಮುಷ್ಟಿಯನ್ನು ನೀರಿನಿಂದ ಮೇಲೆತ್ತಿ ಆ ತುದಿ ಮುಟ್ಟಿ ತಿರುಗಿ ಬಂದಳು. ನಕ್ಕವರೆಲ್ಲ ಬದಿಗೆ ಸರಿದು ದಾರಿ ಬಿಟ್ಟಿದ್ದರು.

"ಆ ಕೈ ಯಾಕೆ ಮೇಲೆ ಹಿಡಿದಿದ್ರಿ?" ಲತಾಮಣಿ ಕೇಳಿದರು.

"ಸಂತಿಯಿಂದ ಉಪ್ಪು, ಕಡ್ಡಿಪೆಟ್ಟಿಗಿ ತರಬೇಕಲ್ರಿ. ತೊಯ್ದ್ರ ಒಲಿ ಹತ್ತೂದಿಲ್ಲ. ಈಗ ಕೈಯಾಗ ಏನೂ ಇಲ್ಲಂದ್ರೂ ಅದು ಕೆಳಗ ಬರೂದಿಲ್ಲ ನೋಡ್ರಿ."

ಲತಾಮಣಿ, "ನನ್ನ ಹಿಡ್ಕೋತೀರಾ?" ಎಂದವರೇ ಕಂಬಿ ಬಿಟ್ಟರು. ತಂಗೆವ್ವ ಅವರ ಬೆನ್ನಿನಡಿ ಅಂಗೈ ಇಟ್ಟಳು. ಆಮೇಲೆ ಅದನ್ನೂ ತೆಗೆದಳು. ಲತಾಮಣಿ ಕಣ್ಣು ಮುಚ್ಚಿಕೊಂಡು ತೇಲಿದರು.

ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಸೇತುರಾಮ ಅವಳನ್ನು ಆಫೀಸಿಗೆ ಕರೆಸಿದ. ಪಕ್ಕದಲ್ಲಿ ಯುವರಾಜ್ ನಿಂತಿದ್ದ.

"ನಾಳೆಯಿಂದ ಬರಬೇಡ. ಇಲ್ಲಿ ಸೈನ್ ಮಾಡು."

"ಬರೂದಿಲ್ರಿ," ಎಂದು ತಂಗೆವ್ವ ರಿಜಿಸ್ಟರಿನತ್ತ ಬಾಗಿದಳು. ನಾಲ್ಕನೇ ಇಯತ್ತೆ ಓದಿದವಳು. ತನ್ನ ಹೆಸರಿನ ಮುಂದೆ, ಊರು ಎಂಬಲ್ಲಿ, 'ನಾರ್ತ್ ಕರ್ನಾಟಕ' ಎಂದಿತ್ತು.

"ಇದು ತಿದ್ರಿ. ಬೇವಿನಗಡ್ಡಿ ಅಂತ ಬರೀರಿ."

"ಕೆಲಸ ಬಿಟ್ಟು ಹೋಗೋಳಿಗೆ ಅದೆಲ್ಲ ಯಾಕೆ?"

"ನಾ ಹೋದ್ರೂ ಊರ ಇರ್ತೈತ್ರಿ. ನೀವು ತಿದ್ದೂತನಕ ನಾ ಸೈ ಮಾಡೂದಿಲ್ಲ."

ಸೇತುರಾಮ ಗಡಿಯಾರ ನೋಡಿದ, ಯುವರಾಜನನ್ನು ನೋಡಿದ. ಕೊನೆಗೆ ಗೊಣಗುತ್ತ ಹಳೆಯದನ್ನು ಹೊಡೆದುಹಾಕಿ ಮೇಲೆ ಬರೆದ. ತಂಗೆವ್ವ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು.

"ಗಡಿ ಅಲ್ರಿ, ಗಡ್ಡಿ. ಒತ್ತು ಹಾಕ್ರಿ."

ಅವನು ಒತ್ತು ಹಾಕಿದ. ಅವಳು ಸಹಿ ಮಾಡಿದಳು.

ಕಚ್ಚೆ ಬಿಚ್ಚಿ ನೆರಿಗೆ ಇಳಿಬಿಟ್ಟು ಅವಳು ಬಸ್‌ಸ್ಟಾಪಿನ ಕಡೆಗೆ ನಡೆದಳು. ಏಪ್ರಿಲ್ ಬಿಸಿಲು ಸುಡುತ್ತಿತ್ತು. ದಾರಿಬದಿಯ ಹೂವಿನಂಗಡಿಯವಳು ಮಾಲೆ ಕಟ್ಟುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಸೆರಗು ಆಗಲೇ ಒಣಗಿತ್ತು. ಸೀರೆಯ ಅಂಚು ಮಾತ್ರ ಇನ್ನೂ ಭಾರವಾಗಿ, ಹೆಜ್ಜೆಗೊಮ್ಮೆ ತಣ್ಣಗೆ ಕಣಕಾಲಿಗೆ ಬಡಿಯುತ್ತಿತ್ತು.