ಹಟ್ಟಿಯ ಜಾಗ

ಬೋಜಪ್ಪ ಎರಡನೆಯ ಗೂಟ ಹೊಡೆಯುವಾಗಲೇ ದನಗಳ ಹೊಸ ಹಟ್ಟಿ ಮನೆಯ ಹತ್ತಿರ ಬರುವುದಿಲ್ಲವೆಂದು ತಿಮ್ಮಕ್ಕನಿಗೆ ಗೊತ್ತಾಯಿತು. ಗಂಡ ಆರಿಸಿದ್ದು ಕೆಳಗೆ, ತೋಟದ ಅಂಚನ್ನು. ಮನೆಯ ಹಿಂಬದಿಗೆ ತಾಗಿಕೊಂಡಿದ್ದ ಹಳೆಯ ಹಟ್ಟಿಯನ್ನು ಗೆದ್ದಲು ತಿಂದು ಮುಗಿಸಿತ್ತು.

“ಇಲ್ಲಾದ್ರೆ ಗೊಬ್ಬರ ಹೊರುದು ಬೇಡ. ಎಳೆದು ಹಾಕಿದ್ರೆ ಸೀದಾ ತೋಟಕ್ಕೆ. ಬೆಳ್ಳಾರೆಗೆ ಬಂದಿದ್ದ ಗ್ರಾಮಸೇವಕರೂ ಹೇಳಿದ್ದಾರೆ, ಹಟ್ಟಿ ದೂರ ಇದ್ರೆ ಮನೆಗೆ ನೊಣ ಇಲ್ಲ ಅಂತ,” ಎಂದ ಬೋಜಪ್ಪ. ಗೊಬ್ಬರದ ಮಾತು ಬಂದರೆ ಅವನಿಗೆ ಹಸಿವು ಬಾಯಾರಿಕೆ ಇರುತ್ತಿರಲಿಲ್ಲ. ಮಗ ಪದ್ಮಯ್ಯ ಹಗ್ಗ ಹಿಡಿದು ಹೂಂಗುಟ್ಟಿದ.

ಬೆಲ್ಲ, ನೀರು ತಂದ ಸೊಸೆ ಕಮಲಾವತಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. “ಅತ್ತೆ, ಹೊರಗಿರುವ ದಿನ ನಾನು ಒಬ್ಬಳೇ ಇಲ್ಲಿ ಬಂದು ಮಲಗುದಾ? ಮೊನ್ನೆ ಚಿರತೆ ನಾಯಿ ಹಿಡಿದದ್ದು ಇಲ್ಲೇ ಅಲ್ವಾ? ಮಾವನಿಗೊಂದು ಮಾತು ಹೇಳಿ.”

ಆ ಮನೆಯ ಹೆಂಗಸರು ಮುಟ್ಟಾದಾಗ ಮಲಗುವುದು ಹಟ್ಟಿಯ ಪಕ್ಕದ ಇಳಿಮಾಡಿನಲ್ಲಿ. ಗಂಡಸರು ಜಾಗ ನೋಡುವಾಗ ಅದು ಯಾರ ತಲೆಗೂ ಬಂದಿರಲಿಲ್ಲ.

“ನಾನು ಮಲಗಿರ್ಲಿಲ್ವಾ?” ಎಂದು ತಿಮ್ಮಕ್ಕ ಗದರಿದಳು. ಗದರಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಮದುವೆಯಾದ ವರ್ಷ ಆಟಿ ತಿಂಗಳ ಮಳೆಯಲ್ಲಿ, ಅವಳ ಚಾಪೆಯ ಪಕ್ಕದಿಂದಲೇ ಚಿರತೆ ಕರುವನ್ನು ಎಳೆದುಕೊಂಡು ಹೋಗಿತ್ತು. ಸೆರಗು ಕಚ್ಚಿಕೊಂಡು ಬೆಳಗಿನವರೆಗೆ ಕೂತಿದ್ದಳೇ ಹೊರತು ಮನೆಯ ಬಾಗಿಲು ಮುಟ್ಟಿರಲಿಲ್ಲ. ಬೆಳಿಗ್ಗೆ ಎಲ್ಲರೂ ಕರುವಿಗಾಗಿ ಮರುಗಿದ್ದರು.

ತಿಮ್ಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಂಡನ ಮುಂದೆ ನಿಂತಳು. ಇವತ್ತು ಜಗಳ ಆದರೂ ಸರಿ, ಹಟ್ಟಿ ಇಲ್ಲಿ ಏಳಬಾರದು.

“ಹುಡುಗಿ ಹೊರಗಿದ್ದಾಗ ಮಲಗುದು ಎಲ್ಲಿ?”

ಪದ್ಮಯ್ಯನಿಗೆ ಹಗ್ಗದ ಗಂಟಿನಲ್ಲಿ ಒಮ್ಮೆಲೇ ತುಂಬ ಕೆಲಸ ಕಾಣಿಸಿತು. ಬೋಜಪ್ಪ ತೋಟ ನೋಡಿದ, ಮನೆ ನೋಡಿದ, ಬಾಯಿಯ ಎಲೆಅಡಿಕೆ ಉಗಿದ.

“ಹಿಂದಿನ ಜಗಲಿಯಲ್ಲಿ ಮಲಗ್ಲಿ. ಒಳಗಿಂದ ಕರೆದ್ರೆ ಕೇಳ್ತದೆ.”

“ಮನೆಯ ಜಗಲಿಯಲ್ಲಾ? ಆಗ್ತದಾ?”

“ಆಗದೆ ಎಂತ ಮಾರಾಯ್ತಿ? ಯಾರು ಕೇಳ್ಲಿಕ್ಕುಂಟು? ಅದಕ್ಕೆಲ್ಲ ಹಟ್ಟಿಯ ಜಾಗ ಬದಲಿಸ್ಲಿಕ್ಕೆ ಆಗುದಿಲ್ಲ.”

ಅಷ್ಟೇ. ಕಮಲಾವತಿಯ ಮುಖ ಅರಳಿತು, ತಂಬಿಗೆ ಎತ್ತಿಕೊಂಡು ಬೇಗಬೇಗ ಮನೆಯ ಕಡೆ ಹತ್ತಿದಳು. ತಿಮ್ಮಕ್ಕನಿಗೂ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಸಿಟ್ಟೂ ಬಂತು, ಇಷ್ಟು ವರ್ಷ ಎಲ್ಲಿತ್ತೋ.

“ಆ ಗೂಟ ಇತ್ತ ಕೊಡು,” ಎಂದ ಬೋಜಪ್ಪ.

ತಿಮ್ಮಕ್ಕ ಕಾಲ ಬಳಿಯ ಗೂಟ ಎತ್ತಿಕೊಂಡಳು. “ಆಗ ಯಾಕೆ ಆಗ್ಲಿಲ್ಲ?”

“ಯಾವಾಗ?” ಎಂದು ಬೋಜಪ್ಪ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಚಾಚಿದ ಅವನ ಕೈ ಹಾಗೇ ಇತ್ತು. ತಿಮ್ಮಕ್ಕ ಗೂಟವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.