ಒಳಬಳಕೆಗೆ ಮಾತ್ರ

ಲೈಸೆನ್ಸಿನ ಹನ್ನೊಂದನೆಯ ಕಲಮನ್ನು ಅವನು ಮೂರನೆಯ ಸಲ ಓದಿದ. ಮೂರನೆಯ ಸಲವೂ ಅದು ಅದನ್ನೇ ಹೇಳಿತು: ಈ ನಕ್ಷೆಯನ್ನು ಕಚೇರಿಯ ಒಳಬಳಕೆಗೆ ಮಾತ್ರ ಕೊಡಲಾಗಿದೆ, ಸಾರ್ವಜನಿಕರ ಮುಂದಾಗಲಿ ಯಾವುದೇ ವಿಚಾರಣೆಯಲ್ಲಾಗಲಿ ಹಾಜರುಪಡಿಸುವಂತಿಲ್ಲ.

ಮೇಜಿನ ಆಚೆ ಗಿಡದ ಮೇಡಂ ಅದೇ ನಕ್ಷೆಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ವಿಚಾರಣೆ ಅವತ್ತೇ, ಮಧ್ಯಾಹ್ನ ಮೂರಕ್ಕೆ.

ರಸ್ತೆ ಇಲಾಖೆಯವರಿಗೆ ಒಂದು ಹಳೆಯ ಬೀದಿಯನ್ನು ಅಗಲ ಮಾಡಬೇಕಿತ್ತು. ಬೀದಿಯ ಎರಡೂ ಕಡೆ ಮರಗಳಿದ್ದವು. ಕಡಿಯುವ ಬಗ್ಗೆ ವಿಚಾರಣೆ ನಡೆಯುವ ಮುಂಚೆ ಅವುಗಳನ್ನು ಎಣಿಸಿ, ಯಾವುದು ಎಲ್ಲಿದೆ ಎಂದು ತೋರಿಸುವ ಕೆಲಸ ಅವನ ಕಚೇರಿಗೆ ಬಂದಿತ್ತು. ಗಿಡದ ಮೇಡಂ ಏಳು ತಿಂಗಳು ಬಿಸಿಲಲ್ಲಿ ನಡೆದು ನಾನೂರ ಹದಿನೆಂಟು ಮರಗಳನ್ನು ಬರೆದುಕೊಂಡಿದ್ದಳು. ಒಂದೊಂದರ ಜಾತಿ, ದಪ್ಪ, ರೋಗ, ಗೂಡು. ಗಿಡದ ಮೇಡಂ ಎಂಬ ಅಡ್ಡಹೆಸರು ಕಚೇರಿಯವರು ಇಟ್ಟಿದ್ದು. ಅವಳು ಅದಕ್ಕೆ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.

ಅವನ ಕೆಲಸ ಬೇಸ್ ಮ್ಯಾಪ್ ತರುವುದು. ಮರದ ಚುಕ್ಕೆಗಳನ್ನು ಇಡಲು ಕೆಳಗೊಂದು ನಕ್ಷೆ ಬೇಕಲ್ಲ, ಅದು. ಯಾವ ನಕ್ಷೆ ಎಲ್ಲಿ ಸಿಗುತ್ತದೆ, ಯಾವ ವರ್ಷದ್ದು, ಹಕ್ಕು ಯಾರದು, ಷರತ್ತು ಏನು. ಹದಿನಾಲ್ಕು ವರ್ಷ ಇದನ್ನೇ ಮಾಡಿ ಅವನು ಅದರಲ್ಲಿ ಪಳಗಿದ್ದ. ಆ ಬೀದಿಯನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ನೋಡಿದ್ದ. ಒಂದು ಸಲವೂ ಕಾಲಿಟ್ಟಿರಲಿಲ್ಲ.

"ಸಾರ್, ಲೈಸೆನ್ಸಿನ ಪ್ರತಿ ಒಂದು ಕೊಡಿ. ಅವರ ವಕೀಲರು ಕೇಳಿದ್ರೂ ಕೇಳಬಹುದು," ಎಂದಳು ಗಿಡದ ಮೇಡಂ.

"ಕೊಡ್ತೀನಿ."

"ಈಗ?"

"ಒಂದು ಸಹಿ ಬಾಕಿ ಇದೆ. ತಂದುಬಿಡ್ತೀನಿ."

ಯಾವ ಸಹಿಯೂ ಬಾಕಿ ಇರಲಿಲ್ಲ. ಸಹಿ ಇತ್ತು. ಅವನದೇ.

ಏಳು ತಿಂಗಳ ಹಿಂದೆ ತುಂಬಿದ ಅರ್ಜಿ ಅವನಿಗೆ ಚೆನ್ನಾಗಿ ನೆನಪಿತ್ತು. ಎರಡು ಚೌಕಗಳು. 'ಸಾರ್ವಜನಿಕ ಬಳಕೆ' ಎಂಬಲ್ಲಿ ಗುರುತು ಹಾಕಿದರೆ ಇನ್ನೊಂದು ಪುಟ ತುಂಬಬೇಕಿತ್ತು: ಯಾರಿಗಾಗಿ, ಯಾವ ಉದ್ದೇಶಕ್ಕೆ, ಇದರಿಂದ ಆಗುವ ಪ್ರಯೋಜನವೇನು. 'ಒಳಬಳಕೆ'ಗೆ ಅಂಥ ಪ್ರಶ್ನೆಗಳೇ ಇರಲಿಲ್ಲ. ಪ್ರಯೋಜನವೇನು ಎಂಬ ಸಾಲಿನ ಮುಂದೆ ಅವನು ಹತ್ತು ನಿಮಿಷ ಸುಮ್ಮನೆ ಕೂತಿದ್ದ. ಆಮೇಲೆ ಎರಡನೆಯ ಚೌಕಕ್ಕೆ ಗುರುತು ಹಾಕಿ ಮನೆಗೆ ಹೋಗಿದ್ದ.

ಬೇಸ್ ಮ್ಯಾಪ್ ಕೊಟ್ಟಿದ್ದ ನಕ್ಷೆ ಕಚೇರಿಗೆ ಹೋಗಲು ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನ್ ಬಂತು. ಅವಳು ಶಾಲೆಯಲ್ಲಿ ಟೀಚರು. ಬೇರೆ ಊರಿಗೆ ವರ್ಗವಾಗಿತ್ತು. ಭಾನುವಾರ ಮಗಳನ್ನು ಕರೆದುಕೊಂಡು ಹೊರಡುವವಳಿದ್ದಳು.

"ಲಾರಿಯವನು ಸಾಮಾನು ಎಷ್ಟಿದೆ ಅಂತ ಕೇಳ್ತಿದಾನೆ."

"ಹೇಳು."

"ನಿಮ್ಮ ಮಂಚ ಸೇರಿಸಿ ಹೇಳ್ಲೋ, ಬಿಟ್ಟು ಹೇಳ್ಲೋ?"

ತಿಂಗಳಿಂದ ಅವರಿಬ್ಬರೂ ಈ ಮಾತಿನ ಸುತ್ತ ಓಡಾಡಿಕೊಂಡಿದ್ದರು. ನೀವು ಬರ್ತೀರಾ ಎಂದು ಅವಳು ಒಮ್ಮೆಯೂ ನೇರವಾಗಿ ಕೇಳಿರಲಿಲ್ಲ. ಕೊನೆಗೆ ಮಂಚದ ಮೇಲೆ ಹಾಕಿ ಕೇಳಿದ್ದಳು. ಅವನಿಗೆ ಅದು ಜಾಣತನ ಅನ್ನಿಸಿತು. ಮೆಚ್ಚುಗೆಯೂ ಆಯಿತು.

"ಸಂಜೆ ಹೇಳ್ತೀನಿ."

"ಅವನು ನಾಲ್ಕು ಗಂಟೆವರೆಗೆ ಕಾಯ್ತಾನಂತೆ," ಎಂದು ಅವಳು ಇಟ್ಟುಬಿಟ್ಟಳು.

ನಕ್ಷೆ ಕಚೇರಿಯ ಅಧಿಕಾರಿ ಒಳ್ಳೆಯವರು. ಕುರ್ಚಿ ತೋರಿಸಿದರು. ಕನ್ನಡಕ ಒರೆಸಿಕೊಂಡು ಹನ್ನೊಂದನೆಯ ಕಲಮನ್ನು ತಾವೂ ಓದಿದರು.

"ಹೊಸ ಅರ್ಜಿ ಹಾಕಿ. ಇಪ್ಪತ್ತೊಂದು ಕೆಲಸದ ದಿನ."

"ಇವತ್ತೇ ಮೂರಕ್ಕೆ ವಿಚಾರಣೆ."

"ಹಾಗಾದ್ರೆ ತೋರಿಸಬೇಡಿ."

"ನಿಮ್ಮ ನಕ್ಷೆ ತೆಗೆದುಬಿಡ್ತೀವಿ. ಬರೀ ಮರಗಳನ್ನ ಇನ್ನೊಂದು ನಕ್ಷೆ ಮೇಲೆ ಇಡ್ತೀವಿ. ಮರಗಳು ನಾವು ಎಣಿಸಿದ್ದು ತಾನೇ?"

ಅಧಿಕಾರಿ ತಲೆಯಾಡಿಸಿದರು. "ಮರ ನಿಮ್ಮದೇ ಇರಲಿ. ಚುಕ್ಕೆ ನಮ್ಮದು. ನಮ್ಮ ನಕ್ಷೆಯ ಗೋಡೆಯಿಂದ, ನಮ್ಮ ನಕ್ಷೆಯ ರಸ್ತೆ ಅಂಚಿನಿಂದ ಲೆಕ್ಕ ಹಾಕಿ ತಾನೇ ಆ ಚುಕ್ಕೆ ಇಟ್ಟಿದ್ದು? ಜಾಗ ನಮ್ಮದಾಯ್ತು."

"ಅಂದ್ರೆ ಮರ ಎಲ್ಲಿದೆ ಅಂತ ಹೇಳೋ ಹಾಗಿಲ್ಲ."

"ಇದೆ ಅನ್ನಬಹುದು. ಎಲ್ಲಿದೆ ಅನ್ನೋ ಹಾಗಿಲ್ಲ."

ಅವನಿಗೆ ನಗು ಬಂತು. ಅಧಿಕಾರಿಯೂ ನಕ್ಕರು. ಓದಿದವರಿಬ್ಬರು ಒಂದು ಒಳ್ಳೆಯ ತಮಾಷೆಯನ್ನು ಹಂಚಿಕೊಂಡ ಹಾಗೆ ಕೆಲವು ಗಳಿಗೆ ಇಬ್ಬರೂ ನಕ್ಕರು. ಆಮೇಲೆ ಅಧಿಕಾರಿ ಒಂದು ಬಿಳಿ ಹಾಳೆಯನ್ನು ಅವನತ್ತ ಸರಿಸಿದರು.

"ಒಂದು ಕೆಲಸ ಮಾಡಿ. ತಪ್ಪು ನನ್ನದು, ಸರಿಯಾದ ಅರ್ಜಿ ಹಾಕಲಿಲ್ಲ ಅಂತ ಬರ್ಕೊಡಿ. ವಿಚಾರಣೆಯ ಅಧ್ಯಕ್ಷರು ನನಗೆ ಪರಿಚಯ. ಫೋನ್ ಮಾಡ್ತೀನಿ. ಒಂದು ತಿಂಗಳು ಮುಂದಕ್ಕೆ ಹಾಕ್ತಾರೆ, ಅಷ್ಟೇ."

ಇಷ್ಟು ಸುಲಭವೆಂದು ಅವನು ಅಂದುಕೊಂಡಿರಲಿಲ್ಲ. ಪೆನ್ನು ತೆಗೆದ. ತಾರೀಖು ಬರೆದ. 'ಮಾನ್ಯರೆ' ಎಂದು ಬರೆದ. 'ನಮ್ಮ ಕಚೇರಿಯ ಕಣ್ತಪ್ಪಿನಿಂದ' ಎಂದು ಶುರುಮಾಡಿದ.

ಅಧಿಕಾರಿ ಬಗ್ಗಿ ನೋಡಿದರು. "ಕಚೇರಿಗೆ ಎಲ್ಲಿಯ ಕಣ್ಣು ಸ್ವಾಮಿ? ನನ್ನ ಅಂತ ಬರೀರಿ. ಕೆಳಗೆ ಹೆಸರು ಹಾಕಿ."

ಅವನು 'ನನ್ನ' ಎಂದು ಬರೆದ. ಆ ಎರಡು ಅಕ್ಷರಗಳು ಹಾಳೆಯ ಮೇಲೆ ಯಾರದೋ ಕೈಬರಹದಂತೆ ಕಂಡವು. ಮುಂದಿನ ಮಾತು ತೋಚಲಿಲ್ಲ ಎನ್ನುವುದಕ್ಕಿಂತ, ಅದನ್ನು ಬರೆಯಬೇಕಾದವನು ಇನ್ನೂ ಬಂದಿಲ್ಲ ಅನ್ನಿಸಿತು.

"ಊಟ ಮುಗಿಸಿ ಬಂದು ಬರ್ಕೊಡ್ತೀನಿ," ಎಂದ.

ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಊಟ ಮಾಡಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಎರಡೂವರೆವರೆಗೆ ಕೂತಿದ್ದು, ಎದ್ದು ವಿಚಾರಣೆಗೆ ಹೋದ.

ಅವನು ಹಿಂದಿನ ಸಾಲಿನಲ್ಲಿ ಕೂತ. ಗಿಡದ ಮೇಡಂ ನಕ್ಷೆ ಬಿಚ್ಚಿ ಹಲಗೆಗೆ ಚುಚ್ಚುತ್ತಿದ್ದಂತೆ ರಸ್ತೆ ಇಲಾಖೆಯ ವಕೀಲ ಎದ್ದು ನಿಂತು, ಇದನ್ನು ತೋರಿಸಲು ಅನುಮತಿ ಇದೆಯೇ ಎಂದು ಕೇಳಿದ. ರೂಢಿಗೆಂದು ಕೇಳಿದ್ದು. ಇದೆ ಎಂದಿದ್ದರೆ ಕೂತುಬಿಡುತ್ತಿದ್ದ.

ಅವಳು ತಿರುಗಿ ಸಾಲುಗಳನ್ನು ಹುಡುಕಿದಳು. "ಸಾರ್?"

ಅವನು ಎದ್ದು ನಿಂತ. ಎಲ್ಲರೂ ನೋಡಿದರು.

"ಪರಿಶೀಲನೆಯಲ್ಲಿದೆ," ಎಂದ.

ಅಧ್ಯಕ್ಷರು ನಕ್ಷೆಯನ್ನು ಇಳಿಸಲು ಹೇಳಿದರು. ಅವಳು ಇಳಿಸಿದಳು. ನಕ್ಷೆ ಇಲ್ಲದೆಯೇ ಶುರುಮಾಡಿದಳು. ಅಂಚೆ ಕಚೇರಿ ಮುಂದಿನ ಮೊದಲನೇದಕ್ಕೆ ಎಂಬತ್ತು ವರ್ಷವಾದರೂ ಇರಬೇಕು, ಅದರ ಪಕ್ಕದ್ದರಲ್ಲಿ ಗೂಬೆ ಇದೆ, ಹೊಲಿಗೆ ಅಂಗಡಿ ಎದುರಿನದು ಒಳಗೆ ಟೊಳ್ಳಾದರೂ ಗಟ್ಟಿ ಇದೆ... ಹನ್ನೆರಡನೆಯ ಮರಕ್ಕೆ ಬರುವಷ್ಟರಲ್ಲಿ ಅವಳ ದನಿ ಒಡೆಯಿತು. ಸಭೆಯಲ್ಲಿ ಯಾರೋ ಮೆಲ್ಲಗೆ ನಕ್ಕರು.

"ಹೀಗೆ ಬಾಯಲ್ಲಿ ಹೇಳಿದ್ರೆ ಏನು ಬರ್ಕೊಳ್ಳೋದಮ್ಮ?" ಎಂದರು ಅಧ್ಯಕ್ಷರು, ಬೇಸರದಿಂದಲೇ. ಮರಗಳ ಸಮೀಕ್ಷೆ ಇಲ್ಲವೆಂದು ದಾಖಲಾಯಿತು. ಕಡಿಯಬೇಕಾದ್ದನ್ನು ರಸ್ತೆ ಇಲಾಖೆಯವರೇ ಅಳೆದು ಗುರುತು ಮಾಡಿಕೊಳ್ಳಲಿ ಎಂದಾಯಿತು.

ಹೊರಗೆ ಪಡಸಾಲೆಯಲ್ಲಿ ಅವಳು ಅವನಿಗಾಗಿ ನಿಂತಿದ್ದಳು.

"ಬೆಳಿಗ್ಗೆನೇ ಗೊತ್ತಿತ್ತಾ ನಿಮಗೆ?"

"ಪೂರ್ತಿ ಗೊತ್ತಿರಲಿಲ್ಲ."

"ಎಷ್ಟು ಗೊತ್ತಿತ್ತು?"

ಅವನು ನಿಜವಾಗಿಯೂ ಯೋಚಿಸತೊಡಗಿದ, ಮುಕ್ಕಾಲು ಪಾಲೇ, ಅರ್ಧವೇ ಎಂದು. ಬೈಯುತ್ತಾಳೆಂದುಕೊಂಡ; ಬೈದಿದ್ದರೆ ಹಾಯೆನಿಸುತ್ತಿತ್ತು. ಅವಳು ಸುರುಳಿಯನ್ನು ಅವನ ಕೈಗಿಟ್ಟು ಮೆಟ್ಟಿಲಿಳಿದು ಹೋದಳು.

ನಾಲ್ಕೂ ಹತ್ತಕ್ಕೆ ಹೆಂಡತಿಯ ಮೆಸೇಜು ಬಂತು. 'ಮಂಚ ಬಿಟ್ಟು ಹೇಳಿದೀನಿ.'

ಅವನು ಅದನ್ನು ಎರಡು ಸಲ ಓದಿದ. ಮೊದಲು ಬಂದದ್ದು ನಿರಾಳ. ಅದು ನಿರಾಳವೆಂದು ತಿಳಿದ ಮೇಲೆ ಫೋನನ್ನು ಜೇಬಿಗಿಟ್ಟು ಮತ್ತೆ ತೆಗೆದ. ಉತ್ತರ ಬರೆಯಲು ಹೋಗಿ 'ಸರಿ' ಎಂದಷ್ಟೇ ಕಳಿಸಿದ.

ಬೀದಿ ಅಲ್ಲಿಗೆ ದೂರವಿರಲಿಲ್ಲ. ಯಾಕೆ ಹೊರಟನೆಂದು ಅವನಿಗೇ ಗೊತ್ತಿರಲಿಲ್ಲ. ತಿರುವಿನಲ್ಲಿ ತಟ್ಟನೆ ತಂಪು ತಾಗಿತು. ನಕ್ಷೆಯಲ್ಲಿ ಆ ತಂಪಿಗೆ ಯಾವ ಗುರುತೂ ಇರಲಿಲ್ಲ. ಮರಗಳು ಅವನು ಅಂದುಕೊಂಡದ್ದಕ್ಕಿಂತ ದೊಡ್ಡವಿದ್ದವು, ಒರಟಾಗಿದ್ದವು. ಕೆಳಗೆ ಜನ ಗಾಡಿ ನಿಲ್ಲಿಸಿಕೊಂಡು ಜಗಳವಾಡುತ್ತಿದ್ದರು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ರಸ್ತೆ ಇಲಾಖೆಯ ಇಬ್ಬರು ಆಗಲೇ ಬಂದಿದ್ದರು. ಒಬ್ಬನ ಕೈಯಲ್ಲಿ ಅಳತೆ ಟೇಪು, ಇನ್ನೊಬ್ಬನ ಹತ್ತಿರ ಪುಸ್ತಕ, ಕೆಂಪು ಬಣ್ಣದ ಡಬ್ಬಿ. ಎದುರಿಗಿದ್ದ ಮರ ಒಬ್ಬನ ತೋಳಿಗೆ ಸಿಗುವಂಥದ್ದಲ್ಲ.

"ಸಾರ್, ಈ ತುದಿ ಒಂಚೂರು ಹಿಡ್ಕೊಳ್ತೀರಾ?" ಎಂದ ಟೇಪಿನವನು. "ಎದೆ ಎತ್ತರಕ್ಕೆ. ಹಾಂ, ಅಲ್ಲೇ."

ಅವನು ಹಿಡಿದುಕೊಂಡ. ಇನ್ನೊಂದು ಮರ, ಮತ್ತೊಂದು. ಆಗುವುದಿಲ್ಲ ಎನ್ನುವುದು ಒಂದೇ ಮಾತಿನ ಕೆಲಸ, ಆದರೆ ಆ ಮಾತನ್ನು ಎಲ್ಲಿಂದ ಹೊರಡಿಸಬೇಕೆಂದು ತಿಳಿಯಲಿಲ್ಲ. ಏಳನೆಯ ಮರಕ್ಕೆ ಬರುವಾಗ ಕಾಲು ಸೋತಿತ್ತು. ಸುರುಳಿಯನ್ನು ಬೇರಿನ ಮೇಲೆ ಇಟ್ಟು, ಟೇಪಿನ ತುದಿಯನ್ನು ಒತ್ತಿಹಿಡಿದು, ಹಾಗೇ ಮರಕ್ಕೆ ಎದೆಯಾನಿಸಿ ನಿಂತ. ತೊಗಟೆ ಕೆನ್ನೆಗೆ ಚುಚ್ಚಿತು. ಒಳಗಿಂದ ಏನಾದರೂ ಕೇಳಿಸೀತೆಂದು ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.

ಟೇಪಿನವನು ಒಂದು ಸುತ್ತು ಬಂದ. ಟೇಪು ಅವನ ಬೆನ್ನ ಮೇಲಿಂದ ಹಾದು ಬಿಗಿಯಾಯಿತು.

"ಸಾರ್, ನೀವೂ ಒಳಗೆ ಸೇರ್ಕೊಂಡ್ರಿ."

ಅವನು ಕದಲಲಿಲ್ಲ. ಟೇಪಿನವನು ತಲೆಯೆತ್ತಿ ಮುಂದೆ ನೋಡಿದ. ಬೀದಿಯ ಉದ್ದಕ್ಕೂ ಇನ್ನೂ ಎಷ್ಟೋ ಮರಗಳಿದ್ದವು.

"ಎಷ್ಟಪ್ಪಾ?" ಎಂದು ಪುಸ್ತಕದವನು ಕೂಗಿದ.

ಟೇಪಿನವನು ಅವನ ಭುಜದ ಹತ್ತಿರ ಬಗ್ಗಿ, ಹೆಬ್ಬೆರಳಿಟ್ಟು ಒತ್ತಿ, ಇದ್ದ ಅಂಕಿಯನ್ನು ಹಾಗೇ ಓದಿ ಹೇಳಿದ. ಪುಸ್ತಕದವನು ಬರೆದುಕೊಂಡ. ಆಮೇಲೆ ಡಬ್ಬಿಯೊಳಗೆ ಬ್ರಷ್ಷು ಅದ್ದಿ ಬಂದು, ಅವನ ಕಿವಿಯ ಪಕ್ಕದಲ್ಲೇ, ತೊಗಟೆಯ ಮೇಲೆ ಕೆಂಪಾಗಿ ಗೀಟು ಎಳೆದ.