ಸಂಬಂಧ: ಗೆಳತಿ

ಹಳೆಯ ನೀಲಿ ಟವೆಲನ್ನು ಉದ್ದಕ್ಕೆ ಸುರುಳಿ ಸುತ್ತಿ, ಮಂಡಿಯೂರಿ ಕುಳಿತು, ಮುಂಬಾಗಿಲ ಕೆಳಗಿನ ಸಂದಿಗೆ ಬೆರಳಿನಿಂದ ಒತ್ತಿ ತುಂಬುತ್ತಿದ್ದೆ. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅದು ನನ್ನ ಮೊದಲ ಕೆಲಸ. ಒಂದೇ ಮೆಟ್ಟಿಲಿಗೆ ನಾಲ್ಕು ಮನೆಗಳಿದ್ದ ಕಟ್ಟಡ ಅದು. ಒಂದು ಮನೆಯಲ್ಲಿ ಸೀನಿದರೆ ಇನ್ನೊಂದು ಮನೆಯಲ್ಲಿ ಅದರ ಬಗ್ಗೆ ಅಭಿಪ್ರಾಯ ಸಿದ್ಧವಾಗುತ್ತಿತ್ತು. ನನ್ನ ಒಂದು ಮಾತೂ ಆ ಸಂದಿಯಿಂದ ಹೊರಗೆ ಹೋಗಕೂಡದು.

ಆಗ ನಾನು ಕಾಲೇಜೊಂದರ ಗ್ರಂಥಾಲಯದಲ್ಲಿದ್ದೆ. ನಾನು ಒಂದೇ ಕಪಾಟಿನ ಮುಂದೆ ಗಂಟೆಗಟ್ಟಲೆ ಸುಮ್ಮನೆ ನಿಲ್ಲುವುದನ್ನು ಕಂಡ ಪ್ರಾಂಶುಪಾಲರು ರಜೆ ಕೊಟ್ಟು, ಚೀಟಿಯಲ್ಲಿ ಒಂದು ಹೆಸರು ಬರೆದುಕೊಟ್ಟಿದ್ದರು: ಶಾಲ್ಮಲಾ. ಬೇರೆ ಊರಿನಲ್ಲಿದ್ದ ಆಪ್ತಸಮಾಲೋಚಕಿ. ಸ್ವಂತವಾಗಿ ಕೆಲಸ ಮಾಡುತ್ತಿದ್ದರು, ಆನ್‌ಲೈನಿನಲ್ಲಿ ಮಾತ್ರ. ನನಗೆ ಆಗಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಏಳು ತಿಂಗಳಿಂದ, ಬೆಳಗ್ಗೆ ಏಳಬೇಕೆಂಬ ಆಸೆಯೇ ನನ್ನಲ್ಲಿ ಉಳಿದಿರಲಿಲ್ಲ. ಆ ಒಂದು ವಾಕ್ಯವನ್ನು ಬಾಯಿಂದ ಬೀಳದಂತೆ ಕಾಪಾಡಿಕೊಂಡಿದ್ದೆ. ಅದು ಹೊರಬಿದ್ದರೆ ನನ್ನದು ಅನ್ನುವುದು ಏನೂ ಉಳಿಯುವುದಿಲ್ಲ ಎಂದು ನಂಬಿದ್ದೆ.

ಮೊದಲ ದಿನ ಪರದೆಯ ಮೇಲೆ ಬಂದ ಹೆಂಗಸು ನನಗಿಂತ ಚಿಕ್ಕವರು. ಅದೇ ನನಗೆ ಸಿಟ್ಟು ತರಿಸಿತು. ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಅದರ ಮೇಲೂ ಸಿಟ್ಟು ಬಂತು.

"ನೀವೀಗ ಎಲ್ಲಿ ಕೂತಿದೀರಿ?" ಎಂದು ಕೇಳಿದರು.

"ಮನೇಲಿ."

"ಫಾರ್ಮಲ್ಲಿ ಬರೆದಿರೋ ವಿಳಾಸವೇನಾ?"

"ಯಾಕೆ, ಬರ್ತೀರಾ?"

"ನಾನು ಬರೋಕಾಗಲ್ಲ. ಅದಕ್ಕೇ ಕೇಳ್ತಿದೀನಿ."

ಅವರು ನಗಲಿಲ್ಲ. ಜೊತೆಯಲ್ಲಿ ಯಾರಾದರೂ ಇದ್ದಾರೆಯೇ, ನಡುವೆ ಕರೆ ಕಡಿದುಹೋದರೆ ಯಾವ ನಂಬರಿಗೆ ಮಾಡಬೇಕು, ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು: "ನೀವು ಹೇಳಿದ್ದು ನನ್ನಲ್ಲೇ ಇರುತ್ತೆ, ಒಂದು ಸಂದರ್ಭ ಬಿಟ್ಟು. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಮೊದಲು ನಿಮಗೆ ಫೋನ್ ಮಾಡ್ತೀನಿ. ನೀವು ತೆಗೀದಿದ್ರೆ, ಹತ್ತಿರದವರು ಅಂತ ನೀವು ಬರೆದಿರೋರಿಗೆ ಮಾಡ್ತೀನಿ."

"ಅಂದ್ರೆ ನಿಮ್ಮ ಗುಟ್ಟಿಗೆ ಒಂದು ಕಿಟಕಿ ಇದೆ ಅನ್ನಿ."

"ಇದೆ. ಅದನ್ನ ಮೊದಲೇ ತೋರಿಸ್ತಿದೀನಿ."

ಹತ್ತಿರದವರ ಆ ಕಾಲಂ ತುಂಬುವಾಗ ನಾನು ಬಹಳ ಯೋಚಿಸಿದ್ದೆ. ಅಣ್ಣನ ಹೆಸರು ಬರೆದರೆ ಮುಂದಿನ ಮದುವೆಮನೆಯ ಊಟದ ಪಂಕ್ತಿಯಲ್ಲಿ ನನ್ನದೇ ಸುದ್ದಿ. ಸಹೋದ್ಯೋಗಿಗಳಂತೂ ಬೇಡ. ಕೊನೆಗೆ, ನನ್ನನ್ನು ಕಂಡರೆ ಮುಖ ತಿರುಗಿಸುವ, ನನ್ನ ಹೆಸರು ಕೇಳಿದರೆ ಫೋನ್ ಕೆಳಗಿಡುವ ಒಬ್ಬರ ನಂಬರನ್ನು ಬರೆದೆ. ಅಂಥವರಿಗೆ ಯಾರು ಫೋನ್ ಮಾಡಿದರೂ ಏನೂ ಆಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ನಮ್ಮ ಮೇಲಿನ ಮನೆಯ ಜಲಜಾಕ್ಷಮ್ಮನ ನಂಬರು ಅದು. ಕಟ್ಟಡದ ಯಜಮಾನರಿಗೆ ಅವರ ಮೇಲೆ ಮೂರು ದೂರು ಬರೆದಿದ್ದರಿಂದ ನಂಬರು ಬಾಯಿಪಾಠವಾಗಿತ್ತು. 'ಸಂಬಂಧ' ಎಂಬ ಕಡೆ ಶತ್ರು ಎಂದು ಬರೆಯಲಾಗುವುದಿಲ್ಲವಲ್ಲ. ಗೆಳತಿ ಎಂದು ಬರೆದೆ.

ಜಲಜಾಕ್ಷಮ್ಮ ಬಟ್ಟೆ ಹೊಲಿಯುತ್ತಿದ್ದರು. ಅವರ ಹೊಲಿಗೆ ಮಿಷನ್ ಸರಿಯಾಗಿ ನನ್ನ ಮಂಚದ ಮೇಲಕ್ಕೆ ಬರುತ್ತಿತ್ತು. ಮೊದಲ ದೂರು ಅದರ ಸದ್ದಿನದು. ಎರಡನೆಯದು, ಅವರು ಕೊಡವಿದ ದಾರದ ತುಂಡುಗಳು ನಾನು ಒಣಹಾಕಿದ ಬಟ್ಟೆಗಳ ಮೇಲೆ ಬೀಳುವುದರ ಬಗ್ಗೆ. ಮೂರನೆಯದು ಅವರ ಬಾಯಿಯದು. ಮಿಷನ್ ಶುರುವಾದರೆ ನಾನು ಜೇಡರ ಬಲೆ ತೆಗೆಯುವ ಉದ್ದ ಕೋಲಿನಿಂದ ಛಾವಣಿಗೆ ಬಡಿಯುತ್ತಿದ್ದೆ. ಅವರು ಇನ್ನೂ ಜೋರಾಗಿ ತುಳಿಯುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ತಿರುಗಿ, "ಬಂದ್ರಪ್ಪ ಅರ್ಜಿ ಅಮ್ಮಾವ್ರು. ನಾವು ಮೆಟ್ಲು ಇಳಿಯೋಕೂ ಇವರ ಅಪ್ಪಣೆ ಆಗ್ಬೇಕು" ಎನ್ನುತ್ತಿದ್ದರು.

ಎರಡನೆಯ, ಮೂರನೆಯ ವಾರಗಳು ಹಾಗೇ ಕಳೆದವು. ಮಂತ್ರ ಹಾಕಿದಂತೆ ಏನಾದರೂ ಆಗುತ್ತದೆ ಎಂದುಕೊಂಡವರಿಗೆ ಅಲ್ಲಿ ಏನೂ ಆಗುವುದಿಲ್ಲ. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಐವತ್ತು ನಿಮಿಷ ಮುಗಿಯುತ್ತಿತ್ತು. ನಾನು ಸುಮ್ಮನಾದರೆ ಅವರೂ ಸುಮ್ಮನಾಗುತ್ತಿದ್ದರು. ಆ ಮೌನ ನನಗೆ ಮೋಸದಂತೆ ಕಾಣುತ್ತಿತ್ತು.

"ನೀವು ತುಂಬ ತಿದ್ದಿ ಮಾತಾಡ್ತೀರಿ" ಎಂದರು ಒಮ್ಮೆ.

"ತಿದ್ದದೆ ಮಾತಾಡೋರು ನಮ್ಮ ಮೇಲಿನ ಮನೇಲಿದಾರೆ. ನಂಬರ್ ಕೊಡ್ಲಾ?" ಎಂದುಬಿಟ್ಟು, ನಂಬರು ಆಗಲೇ ಅವರ ಹತ್ತಿರ ಇದೆಯೆಂದು ನೆನಪಾಗಿ ನೀರು ಕುಡಿದೆ.

ನಾಲ್ಕನೆಯ ಗುರುವಾರ, ಮಾತಿನ ನಡುವೆ ಮೇಲೆ ಮಿಷನ್ ಶುರುವಾಯಿತು. ಶಾಲ್ಮಲಾ ಅದೇನು ಸದ್ದು ಎಂದು ಕೇಳಿದರು.

"ಹೊಲಿಗೆ ಮಿಷನ್. ದಿನಾ ಬೆಳಗ್ಗೆ ಆರಕ್ಕೆ ಅದೇ ನನ್ನ ಎಬ್ಬಿಸೋದು."

"ಎಚ್ಚರ ಆದಾಗ ಏನನ್ನಿಸುತ್ತೆ?"

ಅದಕ್ಕೆ ನನ್ನಲ್ಲಿ ತಿದ್ದಿದ ಉತ್ತರ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಯಾಕಾದ್ರೂ ಎಚ್ಚರ ಆಯ್ತೋ ಅನ್ನಿಸುತ್ತೆ. ಇವತ್ತು ಬೆಳಗ್ಗೆ, ಇನ್ನು ಸಾಕು, ನಾಳೆ ಏಳೋದೇ ಬೇಡ ಅಂತ ತೀರ್ಮಾನ ಮಾಡ್ಕೊಂಡೆ."

ಪುಟ್ಟ ಚೌಕದಲ್ಲಿದ್ದ ನನ್ನ ಮುಖ ಅದನ್ನು ಹೇಳುವುದನ್ನು ನಾನೇ ನೋಡಿದೆ. ಶಾಲ್ಮಲಾ ಮುಂದಕ್ಕೆ ಬಾಗಿ ನನ್ನ ಹೆಸರು ಹಿಡಿದು ಕರೆದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಫೋನಿಗೆ ಅವರ ಕರೆ ಬಂತು. ಅದನ್ನೂ ಆಫ್ ಮಾಡಿದೆ. ಏಳು ತಿಂಗಳು ಕಾಪಾಡಿದ್ದನ್ನು ಒಬ್ಬ ಅಪರಿಚಿತೆ ಅರ್ಧ ನಿಮಿಷದಲ್ಲಿ ಕಿತ್ತುಕೊಂಡಿದ್ದಳು.

ಆಗ ಮೇಲೆ ಫೋನ್ ರಿಂಗಾಯಿತು. ಮಿಷನ್ ನಿಂತಿತು.

ಆ ಮನೆಯ ಒಂದೊಂದು ಸದ್ದೂ ನನಗೆ ಗೊತ್ತಿತ್ತು. ಕುರ್ಚಿ ಹಿಂದೆ ಸರಿಯಿತು. ಕತ್ತರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಹೆಜ್ಜೆಗಳು ಬಾಗಿಲಿಗೆ ಓಡಿದವು, ಆಮೇಲೆ ಮೆಟ್ಟಿಲಿಗೆ. ನಾನು ಎದ್ದು ಚಿಲಕ ಹಾಕಬೇಕೆಂದುಕೊಂಡೆ. ಅಷ್ಟರಲ್ಲೇ ಹೆಜ್ಜೆಗಳು ನನ್ನ ಬಾಗಿಲಿಗೆ ಬಂದಿದ್ದವು.

ಬಾಗಿಲು ಎರಡು ಬೆರಳಿನಷ್ಟು ತೆರೆದು, ಟವೆಲಿಗೆ ಸಿಕ್ಕಿಕೊಂಡು ನಿಂತಿತು. ಸಂದಿಯಲ್ಲಿ ಒಂದು ಕೈ ಬಂತು. ಬೆರಳಿಗೆ ಇನ್ನೂ ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೋಪಿ ಇದ್ದ ಕೈ. ಅದು ಟವೆಲನ್ನು ಎಳೆದುಹಾಕಿತು. ಜಲಜಾಕ್ಷಮ್ಮ ಒಳಗೆ ಬಂದರು, ಕೊರಳಲ್ಲಿ ಅಳತೆಯ ಟೇಪು, ಏದುಸಿರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದೀರಲ್ಲ" ಎಂದರು. ಆಮೇಲೆ, "ನಾನು ನಿಮ್ಮ ಗೆಳತಿಯಂತೆ! ಯಾರೋ ಡಾಕ್ಟ್ರಮ್ಮ ಫೋನ್ ಮಾಡಿದ್ರು. ನಿಮ್ಮ ಗೆಳತಿ ಹತ್ರ ಹೋಗಿ ಕೂತ್ಕೊಳಿ, ಒಬ್ರನ್ನೇ ಬಿಡ್ಬೇಡಿ ಅಂದ್ರು. ಯಾವ ಗೆಳತೀನಮ್ಮ ಅಂದೆ. ನಿಮ್ಮ ಹೆಸರು ಹೇಳಿದ್ರು. ಇನ್ನೊಂದ್ಸಲ ಹೇಳಿ ಅಂದೆ."

"ತಪ್ಪು ನಂಬರು. ನೀವು ಹೋಗಬಹುದು."

"ಹೋಗಲ್ಲ." ಅವರು ಟವೆಲನ್ನು ಮೂಸಿ ನೋಡಿ ನನ್ನ ಮಡಿಲಿಗೆ ಎಸೆದರು. "ಇದನ್ನ ಒಗೀರಿ ಮೊದಲು. ಬಾಗಿಲಿಗೆ ಹಾಕೋ ವಸ್ತೂನಾ ಇದು? ಫೋನ್ ಆನ್ ಮಾಡಿ. ಆಕೆ ಕಾಯ್ತಿದಾರೆ."

ನಾನು ಕದಲಲಿಲ್ಲ. ಅವರು ನನ್ನೆದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು. "ನೋಡಿ, ನಾನೇನೂ ನಿಮ್ಮನ್ನ ಕ್ಷಮಿಸಿಲ್ಲ. ಮೂರು ಅರ್ಜಿ ಬರೆದ್ರಿ ನನ್ನ ಮೇಲೆ. ಕೂತ್ಕೊಳಿ ಅಂದ್ರು, ಕೂತಿದೀನಿ. ಸಂಜೆವರೆಗೂ ಕೂರ್ತೀನಿ."

ಅವರಿಗಿಂತ ಅವರ ದೃಷ್ಟಿಯನ್ನು ತಾಳುವುದು ಕಷ್ಟವಾಗಿ ಫೋನ್ ಆನ್ ಮಾಡಿದೆ. ಕೂಡಲೇ ಶಾಲ್ಮಲಾ ಅವರ ಕರೆ ಬಂತು.

"ನೀವು ಹೇಳಿಬಿಟ್ರಿ" ಎಂದೆ.

"ನೀವಂದಿದ್ದನ್ನ ಹೇಳಿಲ್ಲ. ಜೊತೇಲಿರಿ ಅಂದೆ. ಫೋನ್ ಮಾಡ್ತೀನಿ ಅಂತ ಮೊದಲ ದಿನವೇ ಹೇಳಿದ್ದೆ. ಅವರು ಬಂದಿದಾರಾ?"

"ಅವರು ನನ್ನ ಗೆಳತಿ ಅಲ್ಲ."

"ಬಂದಿದಾರಾ?"

"ಬಂದಿದಾರೆ."

"ಇವತ್ತಿಗೆ ಅಷ್ಟು ಸಾಕು. ಈಗ ನಾನು ಕೇಳೋದಕ್ಕೆ ತಿದ್ದದೆ ಉತ್ತರ ಕೊಡಿ."

ಕೊಟ್ಟೆ. ಮೂರು ಅರ್ಜಿಗಳ ವೈರಿ ನಾಲ್ಕು ಅಡಿ ದೂರದಲ್ಲಿ ಕುಳಿತು, ಕಿಟಕಿಯಾಚೆ ನೋಡುತ್ತ, ಪ್ರತಿಯೊಂದನ್ನೂ ಕೇಳಿಸಿಕೊಂಡರು. ಅದೇ ಮಧ್ಯಾಹ್ನ ಊರಿನ ಆಸ್ಪತ್ರೆಯ ಮನೋವೈದ್ಯರನ್ನು ನಾನು ನೋಡಬೇಕೆಂದು ಶಾಲ್ಮಲಾ ಗೊತ್ತುಮಾಡಿದರು. ಜಲಜಾಕ್ಷಮ್ಮ ಆಟೋ ಕರೆದರು. ನನ್ನ ಜೊತೆಗೇ ಹತ್ತಿ ಕುಳಿತರು. ಮಾತ್ರೆಗಳ ಪೊಟ್ಟಣವನ್ನು ನನ್ನ ಕೈಗೆ ಕೊಡದೆ ತಮ್ಮ ಚೀಲದಲ್ಲಿಟ್ಟುಕೊಂಡರು. ರಾತ್ರಿ ತಮ್ಮ ತಂಗಿಯನ್ನು ನನ್ನ ಮನೆಯಲ್ಲಿ ಮಲಗಲು ಕಳಿಸಿದರು.

ವಾರಗಟ್ಟಲೆ ಹಾಗೇ ನಡೆಯಿತು. ತಂಗಿ ತನ್ನ ಊರಿಗೆ ಹೊರಟ ದಿನ ಜಲಜಾಕ್ಷಮ್ಮ ಮೆಟ್ಟಿಲಲ್ಲಿ ಅಡ್ಡ ನಿಂತರು. ಈ ಸಲ ಗೋಡೆಯ ಕಡೆ ತಿರುಗಿರಲಿಲ್ಲ.

"ಮುಂಚೆ ನಾನು ಮಿಷನ್ ಹಾಕ್ತಿದ್ದದ್ದು ಎಂಟಕ್ಕೆ" ಎಂದರು. "ನೀವು ಅರ್ಜಿ ಬರೆದ ಮೇಲೆ ಆರಕ್ಕೆ ಮಾಡ್ದೆ. ಬೇಕಂತಲೇ."

"ಗೊತ್ತಿತ್ತು."

"ನಾಳೇನೂ ಆರಕ್ಕೇ ಹಾಕ್ತೀನಿ. ನಿಮ್ಮ ಕೋಲು ತಗೊಂಡು ಬಡೀರಿ. ಬಡೀಲಿಲ್ವೋ, ಕೆಳಗೆ ಬರ್ತೀನಿ. ಹೇಳಿಲ್ಲ ಅನ್ಬೇಡಿ."

ಮರುದಿನ ಆರಕ್ಕೆ ಮಿಷನ್ ಶುರುವಾಯಿತು. ಎಚ್ಚರವಾಯಿತು. ಯಾಕಾದರೂ ಆಯಿತೋ ಎಂದು ಅಂದೂ ಅನ್ನಿಸಿತು. ಸ್ವಲ್ಪ ಹೊತ್ತು ಓಡಿ ಮಿಷನ್ ನಿಂತಿತು. ಕುರ್ಚಿ ಸರಿಯಲಿಲ್ಲ, ಹೆಜ್ಜೆ ಏಳಲಿಲ್ಲ. ಮೇಲೆ ಯಾರೋ ಉಸಿರು ಹಿಡಿದು ಕುಳಿತಿರುವುದು ಛಾವಣಿಯ ಮೂಲಕ ನನಗೆ ತಿಳಿಯುತ್ತಿತ್ತು. ಅಷ್ಟು ಬೇಗ ಅವರನ್ನು ಕೆಳಗೆ ಬರಗೊಡಲು ನನಗೆ ಮನಸ್ಸಾಗಲಿಲ್ಲ. ಎದ್ದು, ಮೂಲೆಯ ಕೋಲು ತೆಗೆದುಕೊಂಡು, ಬಲವಾಗಿ ಮೂರು ಸಲ ಬಡಿದೆ.

ಮಿಷನ್ ಹಿಂದೆಂದಿಗಿಂತ ಜೋರಾಗಿ ಗಡಗಡಿಸಿತು.

ಅದು ಗುರುವಾರ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಅಭ್ಯಾಸಬಲದಿಂದ, ಟವೆಲ್ ತರಲು ಹಿಂದಿನ ಬಾಲ್ಕನಿಗೆ ಹೋದೆ. ಒಗೆದ ನೀಲಿ ಟವೆಲ್ ತಂತಿಯ ಮೇಲೆ ಒಣಗಿ ಗರಿಗರಿಯಾಗಿತ್ತು. ಅದರ ತುಂಬ ಮೇಲಿನಿಂದ ಉದುರಿದ ಕೆಂಪು ದಾರದ ತುಂಡುಗಳು. ನಾಲ್ಕನೆಯ ಅರ್ಜಿಗೆ ಅಷ್ಟೇ ಸಾಕಾಗಿತ್ತು. ಟವೆಲನ್ನು ತಂತಿಯ ಮೇಲೇ ಬಿಟ್ಟು ಒಳಗೆ ಬಂದು ಲ್ಯಾಪ್‌ಟಾಪ್ ಮುಂದೆ ಕುಳಿತೆ. ಬಾಗಿಲ ಕೆಳಗಿನ ಸಂದಿಯಿಂದ ಮೆಟ್ಟಿಲ ಬೆಳಕು, ಅಗಲವಾದ ಪಟ್ಟಿಯಂತೆ, ನನ್ನ ಕುರ್ಚಿಯ ಕಾಲಿನವರೆಗೂ ಬಂದಿತ್ತು.